ಅಪ್ಪಯ್ಯನ ಎಲೆಗೊಂದು ಕೋಕೋ ಬರ್ಫಿ

ಮೊನ್ನೆ ತವರಿಗೆ ಹೋದಾಗ ಬಾವಿಕಟ್ಟೆಯ ಪಕ್ಕ ನಮ್ಮ ಹಳೇ ಒರಳುಕಲ್ಲು ಕಂಡಿತು. ಮಿಕ್ಸಿ ಬಂದ ಮೇಲೆ ಅದನ್ನು ಅಡಿಗೆಮನೆಯಿಂದ ಎತ್ತಿ ಹೊರಗೆ ಹಾಕಿದ್ದಾರೆ. ಕುಳಿಯಲ್ಲಿ ನೀರು ನಿಂತಿತ್ತು. ಒಂದು ಪಿಕಳಾರ ಅದರಲ್ಲಿ ಮಿಂದು ಹಾರಿಹೋಯಿತು. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ನೀರು ಚೆಲ್ಲಿ, ಬಗ್ಗಿ ಕಲ್ಲನ್ನು ಮೂಸಿದೆ. ಅಷ್ಟರಲ್ಲಿ ತಮ್ಮನ ಹೆಂಡತಿ ಹೊರಗೆ ಬರಬೇಕೆ! ಅತ್ತಿಗೆಗೆ ಅರುಳುಮರುಳು ಶುರುವಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡಿರಬೇಕು, ಬಾಯಲ್ಲಿ ಮಾತ್ರ ಚಾ ಆಗಿದೆ ಬನ್ನಿ ಅಂದಳು.

ನೀವೂ ನಗಬೇಡಿ. ಒಂದು ಕಾಲದಲ್ಲಿ ಆ ಕಲ್ಲಿನಲ್ಲಿ ಏನು ರುಬ್ಬಿದರೂ ಚಾಕಲೇಟಿನ ವಾಸನೆ ಬರುತ್ತಿತ್ತು. ದೋಸೆ ಹಿಟ್ಟಿಗೆ, ಕಾಯಿ ಚಟ್ನಿಗೆ, ಉಪ್ಪಿನಕಾಯಿಯ ಖಾರಕ್ಕೆ, ಕೊನೆಗೆ ತಂಬುಳಿಗೂ. ಒಂದೆಲಗದ ತಂಬುಳಿಯಲ್ಲಿ ಚಾಕಲೇಟಿನ ಪರಿಮಳ ಕಂಡವರು ಈ ಭೂಮಿಯ ಮೇಲೆ ನಮ್ಮ ಮನೆಯವರೊಬ್ಬರೇ ಇರಬೇಕು. ಅಮ್ಮ ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ಸೀಗೆಪುಡಿ ಹಾಕಿ ತಿಕ್ಕಿದಳು. ಹೋಗಲಿಲ್ಲ. ಇದೂ ನಿನ್ನ ಹಟದ ಹಾಗೇ ಎಂದು ನನಗೆ ಬೈದಳು. ಆ ಹಟದ ಕಥೆಯನ್ನೇ ಈಗ ಹೇಳಹೊರಟಿದ್ದೇನೆ. ನಡುವೆ ಅಲ್ಲಿ ಇಲ್ಲಿ ದಾರಿ ತಪ್ಪಿದರೆ ಸುಧಾರಿಸಿಕೊಳ್ಳಿ.

ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರಲ್ಲ, ಅದು ಸುಳ್ಳು. ಅಪ್ಪಯ್ಯನಷ್ಟು ಊಟ ಬಲ್ಲವರು ತೀರ್ಥಹಳ್ಳಿಯಿಂದ ಹೊಸನಗರದ ತನಕ ಇನ್ನೊಬ್ಬರಿರಲಿಲ್ಲ. ಸಕ್ಕರೆ ಕಾಯಿಲೆ ಅವನನ್ನೇ ಹುಡುಕಿಕೊಂಡು ಬಂತು. ಅಪ್ಪನನ್ನು ಏಕವಚನದಲ್ಲಿ ಕರೆಯುತ್ತಾಳಲ್ಲ ಎಂದು ಬೇಸರಿಸಬೇಡಿ. ನಮ್ಮ ಜನರಲ್ಲಿ ಹಾಗೇ. ಬಹುವಚನವೆಲ್ಲ ನೆಂಟರಿಗೆ ಮತ್ತು ಸಾಹೇಬರಿಗೆ.

ಅವನದು ಬಕಾಸುರನ ಊಟವಲ್ಲ, ಅದಕ್ಕೊಂದು ಶಿಸ್ತಿತ್ತು. ನಾನು ಚಿಕ್ಕವಳಿದ್ದಾಗ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆ ಎಲ್ಲದಕ್ಕೂ ಕರೆದುಕೊಂಡು ಹೋಗಿ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದ. ಸಾರಿಗೇ ಹೊಟ್ಟೆ ತುಂಬಿಸಿಕೊಂಡವ ಹೋಳಿಗೆಗೆ ಸೋತ ಎಂದು ಕಿವಿಯಲ್ಲಿ ಹೇಳುತ್ತಿದ್ದ. ಅನ್ನವನ್ನು ಒಂದು ಬದಿಗೆ ಸರಿಸಿ, ಕಣ್ಣನ್ನು ಅಡಿಗೆಮನೆಯ ಬಾಗಿಲಿಗೆ ನೆಟ್ಟು ಸಿಹಿಗಾಗಿ ಕಾಯುತ್ತಿದ್ದ. ಚಿರೋಟಿ ಮುರಿಯುವ ಸದ್ದು ಕೇಳಿಯೇ ಎಣ್ಣೆ ಹದವಾಗಿ ಕಾದಿತ್ತೋ ಇಲ್ಲವೋ ಹೇಳಬಲ್ಲವನಾಗಿದ್ದ. ಸಾಗರದ ಕಾಲೇಜಿನಲ್ಲಿ ನಾನು ಕಲಿತದ್ದೆಲ್ಲ ಮರೆತುಹೋಗಿದೆ, ಅಪ್ಪಯ್ಯನ ಪಕ್ಕ ಎಲೆಯ ಮುಂದೆ ಕೂತು ಕಲಿತದ್ದು ಮಾತ್ರ ಹಾಗೇ ಇದೆ.

ಅಂಥವನಿಗೆ ತೀರ್ಥಹಳ್ಳಿಯ ಡಾಕ್ಟರು ಸಕ್ಕರೆ ಬಿಡಿ ಅಂದರು. ಬೆಲ್ಲವೂ ಬೇಡ, ಜೇನೂ ಬೇಡ, ಬಾಳೆಹಣ್ಣೂ ಬೇಡ, ಅನ್ನ ಒಂದು ಮುಷ್ಟಿ ಸಾಕು. ಕಾಫಿಗೆ ಸ್ಯಾಕರಿನ್ ಎಂಬ ಸಣ್ಣ ಬಿಳಿ ಮಾತ್ರೆಯ ಬಾಟಲಿ ಬರೆದುಕೊಟ್ಟರು. ಅಪ್ಪಯ್ಯ ಜಗಳ ಮಾಡುತ್ತಾನೆ, ಬೆಲ್ಲದ ಡಬ್ಬಕ್ಕೆ ಕೈ ಹಾಕುತ್ತಾನೆ ಎಂದು ಅಮ್ಮ ಕಾವಲಿಗೆ ನಿಂತಳು. ಅವನು ಹಾಗೇನೂ ಮಾಡಲಿಲ್ಲ. ಹೇಳಿದ್ದಕ್ಕೆಲ್ಲ ಹೂಂ ಅಂದ. ಕದ್ದು ತಿಂದಿದ್ದರೆ ನಮಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಆಮೇಲೆ ಹೊಸನಗರದ ಕಡೆ ನೆಂಟರ ಮನೆಯಲ್ಲಿ ಒಂದು ಉಪನಯನವಾಯಿತು. ಅಪ್ಪಯ್ಯ ಪಂಕ್ತಿಯಲ್ಲಿ ಕೂತ. ಎಲ್ಲರ ಎಲೆಗೂ ಹೋಳಿಗೆ ಬಿತ್ತು. ಆ ಮನೆಯ ಯಜಮಾನರು ಬಹಳ ಒಳ್ಳೆಯವರು. ಪಾಪ, ಇವರ ಎಲೆ ಖಾಲಿ ಕಾಣಬಾರದೆಂದು ಒಳಗೆ ಹೇಳಿ ಏನನ್ನೋ ತರಿಸಿದರು. ಹೋಳಿಗೆ ಇಡುವ ಜಾಗದಲ್ಲಿ ಅಪ್ಪಯ್ಯನಿಗೆ ಸೌತೆಕಾಯಿ ಹೋಳು ಇಟ್ಟರು. ಸಾಲಿನಲ್ಲಿದ್ದವರೆಲ್ಲ ಅದನ್ನು ನೋಡಿದರು, ನೋಡದ ಹಾಗೆ ಮುಖ ತಿರುಗಿಸಿದರು. ಅಪ್ಪಯ್ಯ ಸೌತೆಕಾಯಿ ತಿಂದು, ಕೈ ತೊಳೆದು, ಬಸ್ಸು ಹತ್ತಿ ಮನೆಗೆ ಬಂದ. ಅವತ್ತಿನಿಂದ ಯಾರ ಮನೆಯ ಪಂಕ್ತಿಯಲ್ಲೂ ಕೂರಲಿಲ್ಲ.

ಹೀಗಿರುವಾಗ ಅಕ್ಕ ಸುಮಳಿಗೆ ಆನಂದಪುರದ ಕಡೆಯ ಹುಡುಗ ಗೊತ್ತಾದ. ಎಂಬತ್ತರ ದಶಕದ ಶುರು ಅದು. ನಾನು ಬಿ.ಎಸ್ಸಿ. ಕೆಮಿಸ್ಟ್ರಿಯಲ್ಲಿ ನಪಾಸಾಗಿ, ಪೆಟ್ಟಿಗೆ ಸಮೇತ ಸಾಗರದಿಂದ ಮನೆಗೆ ಬಂದು ಕೂತಿದ್ದೆ. ಮದುವೆ ಮನೆಯಲ್ಲೇ, ವೈಶಾಖದಲ್ಲಿ. ಅಪ್ಪಯ್ಯ ಎಲ್ಲ ಕೆಲಸಕ್ಕೂ ಉತ್ಸಾಹದಿಂದ ಓಡಾಡಿದ. ಊಟದ ಮಾತು ಬಂದಾಗ ಮಾತ್ರ ತಣ್ಣಗೆ ಹೇಳಿಬಿಟ್ಟ, "ಧಾರೆ ಎರೆದು ಕೊಡ್ತೆ. ಪಂಕ್ತಿಗೆ ಮಾತ್ರ ಕರೆಯಡಿ. ಆನು ಒಳಗೆ ಕೂತ್ಕಂಡು ಎರಡು ಗೋಧಿ ದೋಸೆ ತಿಂತೆ."

ನಮ್ಮಲ್ಲಿ ಧಾರೆ ಮುಗಿದ ಮೇಲೆ ಹೆಣ್ಣಿನ ಅಪ್ಪ ಬೀಗರ ಪಕ್ಕ ಕೂತು ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಮಂತ್ರ ಹೇಳಿದ್ದು ಪುರೋಹಿತರ ಲೆಕ್ಕಕ್ಕೆ, ಊಟಕ್ಕೆ ಜೊತೆಯಲ್ಲಿ ಕೂತದ್ದು ಊರಿನ ಲೆಕ್ಕಕ್ಕೆ. ಅವನು ಕೂರದಿದ್ದರೆ ಆನಂದಪುರದವರು ಏನೆಂದುಕೊಳ್ಳುತ್ತಾರೆ? ಅಮ್ಮ ಒಂದು ಉಪಾಯ ಹೇಳಿದಳು: ನಿಮಗೊಂದು ಸಣ್ಣ ಬಟ್ಟಲಲ್ಲಿ ಸಕ್ಕರೆಯಿಲ್ಲದ್ದು ಏನಾದರೂ ಬೇರೆ ಮಾಡಿ ಇಡೋಣ. ಅಪ್ಪಯ್ಯ ತಲೆಯಾಡಿಸಿದ. ಒಂದೇ ಸಾಲಿನಲ್ಲಿ ಕೂತವರಿಗೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಬಡಿಸುವುದು ಪಂಕ್ತಿಭೇದ. "ಪಂಕ್ತಿಭೇದ ಮಾಡ್ಲಾಗ" ಅಂದ. ಅವನಿಗೆ ಸೌತೆಕಾಯಿ ನೆನಪಾಗಿರಬೇಕು. ಸುಮಕ್ಕ ಕೋಣೆಗೆ ಹೋಗಿ ಅತ್ತಳು. ಅವಳು ಅಳುವುದನ್ನು ನನ್ನಿಂದ ನೋಡಲಾಗುವುದಿಲ್ಲ, ಅಪ್ಪಯ್ಯ ಅಳದೆ ಇರುವುದನ್ನಂತೂ ಇನ್ನೂ ನೋಡಲಾಗುವುದಿಲ್ಲ. ಜಗಲಿಗೆ ಬಂದು ಘೋಷಿಸಿದೆ: ಅಪ್ಪಯ್ಯ ಪಂಕ್ತಿಯಲ್ಲೇ ಕೂರುತ್ತಾನೆ, ಅವನ ಎಲೆಗೆ ಬೀಳುವ ಸಿಹಿಯೇ ಆ ಸಾಲಿನ ಎಲ್ಲರ ಎಲೆಗೂ ಬೀಳುತ್ತದೆ, ಅದರಲ್ಲಿ ಒಂದು ಹರಳು ಸಕ್ಕರೆಯೂ ಇರುವುದಿಲ್ಲ.

ಹೇಳಿದ ಮೇಲೆ ಹೆದರಿಕೆಯಾಯಿತು. ನನಗೆ ಆಗ ಮಾಡಲು ಬರುತ್ತಿದ್ದದ್ದು ಅವಲಕ್ಕಿ ಒಗ್ಗರಣೆ ಮಾತ್ರ.

ಚಾಕಲೇಟು ಹೊಳೆದದ್ದು ಒಂದು ವಾರಪತ್ರಿಕೆಯ ಹರಿದ ಹಾಳೆಯಿಂದ. ಅದರಲ್ಲಿ ಫಡ್ಜ್ ಎಂಬ ತಿಂಡಿ ಮಾಡುವ ವಿಧಾನವಿತ್ತು. ಚಿತ್ರದಲ್ಲಿ ನಮ್ಮ ಬರ್ಫಿಯ ಹಾಗೇ ಇತ್ತು, ಬಣ್ಣ ಮಾತ್ರ ಒಳ್ಳೆ ಕೆಮ್ಮಣ್ಣಿನದು. ಬೇಕಾದ ಸಾಮಾನು ನೋಡಿದರೆ ಡಬ್ಬದ ಹಾಲು, ವೆನಿಲ್ಲಾ ಎಸೆನ್ಸು, ಕೋಕೋ ಪುಡಿ, ಒಂದು ರಾಶಿ ಸಕ್ಕರೆ, ಕೊನೆಗೆ ಫ್ರಿಜ್ಜಿನಲ್ಲಿಡಿ. ನಮ್ಮ ಮನೆಗೆ ಕರೆಂಟು ಬಂದದ್ದೇ ಹೊಸತು, ಜಗಲಿಯ ಒಂದು ಬಲ್ಬನ್ನು ಉರಿಸುವುದಕ್ಕೂ ಅದಕ್ಕೆ ಮನಸ್ಸಿರಲಿಲ್ಲ. ಆದರೆ ಕೋಕೋ? ಕೋಕೋ ನಮ್ಮಲ್ಲಿತ್ತು! ಕೆಲವು ವರ್ಷಗಳ ಹಿಂದೆ ಎಲ್ಲರೂ ನೆಡುತ್ತಾರೆಂದು ಅಪ್ಪಯ್ಯನೂ ತೋಟದ ಅಂಚಿಗೆ ಒಂದಷ್ಟು ಗಿಡ ನೆಟ್ಟಿದ್ದ. ಕಾಯಿ ಬಿಡುವ ಹೊತ್ತಿಗೆ ಕೊಳ್ಳುವವರು ಬರುವುದು ನಿಂತಿತ್ತು. ಹಳದಿ ಕಾಯಿಗಳು ಮರದ ಕಾಂಡಕ್ಕೇ ಅಂಟಿಕೊಂಡು ತೂಗುತ್ತಿದ್ದವು. ಮಂಗ, ಅಳಿಲು, ನಾವು ಹಂಚಿಕೊಂಡು ತಿನ್ನುತ್ತಿದ್ದೆವು. ಬೀಜದ ಸುತ್ತ ಇರುವ ಬಿಳಿ ತಿರುಳನ್ನು ಚೀಪಿ ಬೀಜ ಉಗಿಯುವುದರಲ್ಲಿ ನಾನೂ ತಮ್ಮನೂ ಮಂಗಗಳಿಗಿಂತ ಕಡಿಮೆಯೇನಿರಲಿಲ್ಲ. ಚಾಕಲೇಟು ಆ ಉಗಿದ ಬೀಜದಲ್ಲಿದೆ ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

ನಾನು ಬುಟ್ಟಿ ತುಂಬ ಬೀಜ ಬಿಡಿಸಿ ತಂದೆ. ಅಪ್ಪಯ್ಯ ನನ್ನನ್ನು ನೋಡಿ ಸಕ್ಕರೆಯಿಲ್ಲದ ಸಿಹಿ, ಎಣ್ಣೆಯಿಲ್ಲದ ದೀಪ ಎಂದು ನಕ್ಕ. ನಗುತ್ತಲೇ ಬುಟ್ಟಿಯನ್ನು ಕಸಿದುಕೊಂಡ. ಬೀಜ ಹದ ಮಾಡುವುದು ಹೆಂಗಸರ ಕೆಲಸವಲ್ಲ ಅಂದ. ಆಮೇಲೆ ಏನು ಮಾಡಿದ ಗೊತ್ತೆ? ಹುಟ್ಟಿದಾಗಿನಿಂದ ಅಡಿಕೆ ಬೇಯಿಸಿದ ಕೈ ಅದು. ತಾಮ್ರದ ಹಂಡೆಯಲ್ಲಿ ಅಡಿಕೆ ಬೇಯಿಸಿ ಉಳಿದ ಕೆಂಪು ಚೊಗರು ಹಾಕಿ, ಒಲೆಗೆ ದೊಡ್ಡ ಮರದ ಕುಂಟೆ ಒಡ್ಡಿ, ಕೋಕೋ ಬೀಜವನ್ನು ಅಡಿಕೆಯ ಹಾಗೇ ಬೇಯಿಸಿ ಅಟ್ಟದ ಮೇಲೆ ಒಣಗಿಸಿಬಿಟ್ಟ. ಕೆಂಪಗೆ, ಹೊಳೆಯುತ್ತ, ನೋಡಲಿಕ್ಕೆ ಬಹಳ ಚೆನ್ನಾಗಿತ್ತು. ಬಾಯಿಗೆ ಹಾಕಿದರೆ ಒಗರು ಗಂಟಲ ತನಕ ಹಿಡಿಯಿತು. ಪಕ್ಕದ ಮನೆಯ ಅಜ್ಜ ಒಬ್ಬರು ಅದನ್ನೇ ಕತ್ತರಿಸಿ ಎಲೆ ಸುಣ್ಣದ ಜೊತೆ ಹಾಕಿ ನೋಡಿ, ಪರವಾಗಿಲ್ಲ, ರುಚಿ ಇದೆ, ಆದರೆ ರಂಗು ಬರುವುದಿಲ್ಲ ಅಂದರು.

ಎರಡನೇ ಬುಟ್ಟಿಯನ್ನು ನಾನು ಯಾರ ಕೈಗೂ ಕೊಡಲಿಲ್ಲ. ಗಿಡ ಕೊಟ್ಟವರು ಹೇಳಿದ್ದು ಅಮ್ಮನಿಗೆ ಅರ್ಧಂಬರ್ಧ ನೆನಪಿತ್ತು: ಬಾಳೆಲೆ ಮುಚ್ಚಿ ಹುಳಿಯಲಿಕ್ಕೆ ಬಿಡಬೇಕು. ಬಿಟ್ಟೆ. ಬುಟ್ಟಿ ಬಿಸಿಯಾಯಿತು, ಕೆಳಗೆ ನೀರು ಸೋರಿತು, ಮನೆಯೆಲ್ಲ ಹೆಂಡದ ವಾಸನೆ ತುಂಬಿತು. ಅದೇ ಹೊತ್ತಿಗೆ ಲಗ್ನಪತ್ರಿಕೆಯ ವಿಚಾರಕ್ಕೆ ಪುರೋಹಿತರು ಬರಬೇಕೆ? ಅವರು ಮೂಗು ಅರಳಿಸಿದರು. ಅಮ್ಮ ಗಾಬರಿಯಿಂದ ಕೋಕೋ, ಕೋಕೋ ಎಂದಳು. ಅವರು ಹೌದೌದು ಎಂದು ನಂಬಿದವರ ಹಾಗೆ ತಲೆಯಾಡಿಸಿ, ಕೊಟ್ಟ ಮಜ್ಜಿಗೆಯನ್ನು ಮೂಸಿ ಕುಡಿದರು.

ಒಣಗಿದ ಬೀಜವನ್ನು ಕಾಫಿಬೀಜದ ಹಾಗೆ ಕಬ್ಬಿಣದ ಬಾಣಲೆಯಲ್ಲಿ ಹುರಿದೆ. ಆಗ ಬಂತು ನೋಡಿ ಪರಿಮಳ! ಸುಮಕ್ಕ ಸೀರೆಗೆ ಫಾಲ್ ಹೊಲಿಯುವುದನ್ನು ಬಿಟ್ಟು ಎದ್ದು ಬಂದಳು. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ, ಒರಳಿಗೆ ಬಿಸಿನೀರು ಹಾಕಿ ಕಲ್ಲು ಬೆಚ್ಚಗೆ ಮಾಡಿ, ಒರೆಸಿ, ರುಬ್ಬಲು ಕೂತೆ. ಮೊದಲು ಪುಡಿ, ಆಮೇಲೆ ಮುದ್ದೆ, ಭುಜ ಕಳಚಿ ಬೀಳುತ್ತದೆ ಅನ್ನುವ ಹೊತ್ತಿಗೆ ನಿಧಾನಕ್ಕೆ ಎಣ್ಣೆ ಬಿಟ್ಟುಕೊಂಡು ನುಣ್ಣಗೆ ಹರಿಯಿತು. ಒಂದು ತೊಟ್ಟು ನೀರು ಹಾಕದೆ ಕಲ್ಲಿನಲ್ಲಿ ಕಲ್ಲು ತಿರುಗಿಸಿ ಚಾಕಲೇಟು ತೆಗೆದಿದ್ದೆ. ಕೆಮಿಸ್ಟ್ರಿ ಲೆಕ್ಚರರು ಆಗ ಎದುರಿಗೆ ಸಿಗಬೇಕಿತ್ತು.

ಆದರೆ ಸಿಹಿ? ಬೆಲ್ಲ ಸಕ್ಕರೆಯಲ್ಲವಲ್ಲ ಎಂದು ಅಮ್ಮ, ಜೇನು ಔಷಧಿಯಲ್ಲವೇ ಎಂದು ಸುಮಕ್ಕ. ನಾನು ಡಾಕ್ಟರು ಹೇಳಿದ್ದನ್ನು ಬಿಟ್ಟು ಕದಲಲಿಲ್ಲ. ತೀರ್ಥಹಳ್ಳಿಯಿಂದ ಸ್ಯಾಕರಿನ್ ಬಾಟಲಿ ತಂದು ಲೆಕ್ಕ ಹಾಕಿದೆ. ಒಂದು ಮಾತ್ರೆ ಒಂದು ಚಮಚ ಸಕ್ಕರೆಗೆ ಸಮ. ಪತ್ರಿಕೆಯಲ್ಲಿ ಹೇಳಿದ ಸಕ್ಕರೆಗೆ ಎಷ್ಟು ಚಮಚ, ಅಷ್ಟು ಮಾತ್ರೆ. ಲೆಕ್ಕ ಎಲ್ಲೂ ತಪ್ಪಲಿಲ್ಲ. ಬಾಟಲಿ ಖಾಲಿಯಾಯಿತು. ಇನ್ನೊಂದು ತೊಂದರೆಯೆಂದರೆ ಬರ್ಫಿಯನ್ನು ಗಟ್ಟಿ ಮಾಡುವುದೇ ಸಕ್ಕರೆಯ ಪಾಕ ಎಂಬುದು ನನಗೆ ಗೊತ್ತೇ ಇರಲಿಲ್ಲ. ಪಾಕವಿಲ್ಲದ ಬರ್ಫಿ ತಟ್ಟೆಯಲ್ಲಿ ಕೊಚ್ಚೆಯ ಹಾಗೆ ನಿಂತಿತು. ಆದರೂ ಅಪ್ಪಯ್ಯನಿಗೆ ಒಂದು ಚಮಚ ಕೊಟ್ಟೆ. ಮೊದಲು ಹಲ್ಲು ಜುಮ್ಮೆನ್ನುವ ಸಿಹಿ, ಅದರ ಹಿಂದೆಯೇ ಕಿರಾತಕಡ್ಡಿಯ ಕಹಿ. ಅವನು ಉಗಿಯಲಿಲ್ಲ. ನುಂಗಿ, ನೀರು ಕುಡಿದು, ಮೆಲ್ಲಗೆ ಅಂದ, "ಔಷಧಿ ಹೇಳಿ ಕೊಟ್ರೆ ತಿಂತೆ ಕೂಸೆ. ಸಿಹಿ ಹೇಳಿ ಕೊಡಡ."

ಅವತ್ತು ನನಗೆ ನಿಜವಾಗಿ ಅಳು ಬಂತು. ಅಮ್ಮ ಸಾಕು ಬಿಡು ಮಾರಾಯ್ತಿ ಅಂದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಂದಳು. ನಾನು ಮೂಗು ಒರೆಸಿಕೊಂಡು ಮತ್ತೆ ಕೋಕೋ ಕಾಯಿ ಕೊಯ್ಯಲು ಹೋದೆ. ಬಿಡುವುದು ಅಂದರೇನು? ಬಿಟ್ಟರೆ ಅಪ್ಪಯ್ಯ ಮಗಳ ಮದುವೆಯ ದಿನ ಅಡಿಗೆಮನೆಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಗೋಧಿ ದೋಸೆ ತಿನ್ನಬೇಕು.

ದಾರಿ ಸಿಕ್ಕಿದ್ದು ನಾನು ಸಕ್ಕರೆಯ ಹಿಂದೆ ಓಡುವುದನ್ನು ಬಿಟ್ಟ ಮೇಲೆ. ಕೊಬ್ಬರಿಯನ್ನು ತುಪ್ಪದಲ್ಲಿ ನಿಧಾನಕ್ಕೆ ಕೆಂಪಗೆ ಹುರಿದರೆ ಅದಕ್ಕೇ ಒಂದು ಸಿಹಿ ಇದೆ. ಅದನ್ನು ನುಣ್ಣಗೆ ರುಬ್ಬಿದೆ. ಗಟ್ಟಿ ಕೆನೆಯನ್ನು ಕಾಯಿಸಿ ಸೇರಿಸಿದೆ, ಒಂದಷ್ಟು ಗೇರುಬೀಜ, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಮಾತ್ರೆ ಬೆರಳೆಣಿಕೆಯಷ್ಟು ಮಾತ್ರ. ಗಟ್ಟಿಯಾಗಲು ತಂಪು ಬೇಕಲ್ಲ? ಗುಡ್ಡದಿಂದ ಸೀಳಿದ ಅಡಿಕೆ ಮರದ ದಂಬೆಯಲ್ಲಿ ಹರಿದು ಬರುವ ನೀರು ನಮ್ಮ ಹಿತ್ತಿಲ ಕಲ್ಲುಮರಿಗೆಗೆ ಹಗಲೂ ರಾತ್ರಿ ಬೀಳುತ್ತಿತ್ತು. ವೈಶಾಖದಲ್ಲೂ ಕೈ ಇಟ್ಟರೆ ಮರಗಟ್ಟುವಷ್ಟು ತಂಪು. ತಟ್ಟೆಯನ್ನು ಮುಚ್ಚಿ ಅದರಲ್ಲಿ ತೇಲಿಬಿಟ್ಟೆ. ಸಂಜೆಗೆ ಚಾಕು ಹಾಕಿದರೆ ಚೌಕ ಚೌಕವಾಗಿ ಎದ್ದುಬಂತು. ಸುಮಕ್ಕ ಒಂದು ತಿಂದು ಕಣ್ಣು ಮುಚ್ಚಿದಳು. ಅಮ್ಮ ಒಂದು ತಿಂದು, ಇನ್ನೊಂದೂ ತಿಂದಳು. ಅಪ್ಪಯ್ಯ ಕೇಳದಿದ್ದರೂ ಅಡಿಗೆಮನೆಗೆ ಎರಡು ಸಲ ನೀರು ಕುಡಿಯಲು ಬಂದ. ನಾನು ಕೊಡಲಿಲ್ಲ. ಇದು ಪಂಕ್ತಿಯಲ್ಲಿ ಕೂತವರಿಗೆ ಮಾತ್ರ ಅಂದೆ. ಎಂಥ ಕಲ್ಲು ಮನಸ್ಸು ನೋಡಿ ನನ್ನದು.

ಮದುವೆಗೆ ಅಡಿಗೆ ಮಾಡಲು ಬಂದ ಮಂಜಣ್ಣ ಭಟ್ಟರು ಈ ಕಪ್ಪು ಪದಾರ್ಥ ಎಲೆಗೆ ಬಡಿಸಲು ಬರುತ್ತದೋ ಎಂದು ಅನುಮಾನ ಎತ್ತಿದರು. ಹೂಕೋಸನ್ನು ಯಾವ ಋಷಿ ತಿಂದಿದ್ದ ಎಂದು ಕೇಳಿದೆ. ಅವರು ಹೂಕೋಸಿನ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದವರು ನಕ್ಕುಬಿಟ್ಟರು.

ಧಾರೆ ಮುಗಿಯಿತು. ಚಪ್ಪರದಲ್ಲಿ ಬೀಗರ ಪಂಕ್ತಿಗೆ ಎಲೆ ಹಾಕಿದರು. ಸೆಖೆ ಅಂದರೆ ಸೆಖೆ. ಗಂಡಸರೇ ಬಡಿಸುವ ಸಾಲಿಗೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರಿಗೆಯಿಂದ ಎತ್ತಿದ ಪರಾತ ಹಿಡಿದು ನಿಂತೆ. ಆನಂದಪುರದ ಬೀಗರು ಎಲೆಯ ಮುಂದೆ ಕೂತಿದ್ದರು. ಅವರ ಪಕ್ಕದ ಎಲೆ ಖಾಲಿ. ಅಪ್ಪಯ್ಯ ಚಪ್ಪರದ ಕಂಬ ಹಿಡಿದು ಅವರನ್ನು ಇವರನ್ನು ಉಪಚಾರ ಮಾಡುತ್ತ ನಿಂತಿದ್ದ, ಕೂರುವ ಲಕ್ಷಣವಿಲ್ಲ. ಬೀಗರು ಒಮ್ಮೆ ಎಲೆ ನೋಡಿದರು, ಒಮ್ಮೆ ಅಪ್ಪಯ್ಯನನ್ನು ನೋಡಿದರು. ಅಪ್ಪಯ್ಯ ಕೂರದೆ ಯಾರೂ ಅನ್ನಕ್ಕೆ ಕೈ ಹಾಕುವ ಹಾಗಿಲ್ಲ. ನನ್ನ ಪರಾತದ ಬರ್ಫಿಯ ಅಂಚು ಸೆಖೆಗೆ ಮೆತ್ತಗಾಗತೊಡಗಿತು. ಇನ್ನು ಸ್ವಲ್ಪ ತಡವಾದರೆ ಮತ್ತೆ ಕೊಚ್ಚೆ.

ನಾನು ನೇರ ಅಪ್ಪಯ್ಯನ ಹತ್ತಿರ ಹೋದೆ. ಊರಿನವರು ಕೇಳಲಿ ಅಂತಲೇ ಜೋರಾಗಿ ಹೇಳಿದೆ, "ಈ ಸಾಲಿಗೆಲ್ಲ ಇದೇ ಸಿಹಿ ಅಪ್ಪಯ್ಯ. ಬೀಗರಿಗೂ ಇದೇ, ನಿಂಗೂ ಇದೇ. ಪಂಕ್ತಿಭೇದ ಇಲ್ಲೆ. ಬಾ, ಕೂರು."

ಅವನು ಪರಾತ ನೋಡಿದ, ನನ್ನನ್ನು ನೋಡಿದ. ರುಬ್ಬಿ ರುಬ್ಬಿ ಬೊಕ್ಕೆ ಎದ್ದ ನನ್ನ ಅಂಗೈಯನ್ನೂ ನೋಡಿದನೋ ಏನೋ. ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಬಂದು ಬೀಗರ ಪಕ್ಕ ಕೂತ.

ಸಾಲಿನ ತುದಿಯಿಂದ ಬಡಿಸುತ್ತ ಬಂದೆ. ಅಪ್ಪಯ್ಯನ ಎಲೆಗೂ ಒಂದು ತುಂಡು ಇಟ್ಟೆ. ಬೀಗರು ಮೊದಲು ತಿಂದರು. ಇದು ಎಂತ ಭಾವ, ನಮ್ಮ ಕಡೆ ಇದನ್ನು ಕಂಡಿಲ್ಲ ಅಂದರು. ಅಪ್ಪಯ್ಯ ತುಂಡು ಬಾಯಿಗಿಟ್ಟುಕೊಂಡ. ಬೇಗ ಅಗಿಯಲಿಲ್ಲ. ಅದು ನಾಲಿಗೆಯ ಮೇಲೆ ಕರಗುವ ತನಕ ಹಾಗೇ ಕೂತ. ಆಮೇಲೆ ಬೀಗರ ಕಡೆ ತಿರುಗಿ, ತೋಟದ್ದೇ ಕೋಕೋ, ಸಣ್ಣ ಕೂಸು ಮಾಡಿದ್ದು ಎಂದ. ಅವನ ಧ್ವನಿಯಲ್ಲಿ ಆ ಹಮ್ಮನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ಎರಡನೇ ಸುತ್ತಿಗೆ ಬಂದೆ. ಅಪ್ಪಯ್ಯ ಎರಡೂ ಕೈ ಎಲೆಗೆ ಅಡ್ಡ ಹಿಡಿದು, ಬೇಡ, ಸಾಕು, ಖಂಡಿತ ಬೇಡ ಅಂದ. ಕಾಯಿಲೆ ಬಂದ ಮೇಲೆ ಅವನು ಬೇಡ ಅಂದರೆ ಬೇಡವೇ ಎಂದು ನಮಗೆಲ್ಲ ಅಭ್ಯಾಸವಾಗಿತ್ತು. ಸರಿ ಎಂದು ನಾನು ಮುಂದಿನ ಎಲೆಗೆ ಬಗ್ಗಿದೆ.

ಅವನು ತಲೆ ಎತ್ತಿದ. ಕಣ್ಣಿನಲ್ಲಿ ತುಂಟತನ, ಅಡ್ಡ ಹಿಡಿದ ಕೈ ಹಾಗೇ ಇದೆ. "ಕೂಸೆ, ಒತ್ತಾಯ ಮಾಡ್ದೆ ಹೋಗ್ತ್ಯನೆ?" ಅಂದ.

ನಾನು ಹಿಂದಕ್ಕೆ ಬಂದು, ಬೇಡ ಬೇಡ ಅನ್ನುತ್ತಿದ್ದಂತೆ, ಅವನ ಬೆರಳುಗಳ ಸಂದಿಯಿಂದ ಒಂದು ತುಂಡು ಎಲೆಗೆ ತುರುಕಿದೆ. ಬೀಗರು ಪಕ್ಕದಿಂದ, ಇನ್ನೊಂದು ಹಾಕು, ಅವರು ಸುಮ್ಮನೆ ನಾಚಿಕೆ ಮಾಡುತ್ತಾರೆ ಅಂದರು. ಅದನ್ನೂ ಹಾಕಿದೆ. ಆಮೇಲೆ ಸಾಲಿನಲ್ಲಿ ಯಾರಿಗೆ ಬಡಿಸಿದೆ, ಯಾರಿಗೆ ಬಿಟ್ಟೆ ನನಗೆ ಗೊತ್ತಿಲ್ಲ. ಕಣ್ಣಿಗೆ ಎಲೆಗಳೇ ಕಾಣುತ್ತಿರಲಿಲ್ಲ.